ಮುಂಬಯಿಯ ನಿಯತಕಾಲಿಕಗಳೂ ಕನ್ನಡಿಗರ ಲೇಖನಿ-ಕುಂಚಗಳೂ: ಬಾಂದ್ರಾ ಪರಿಸರದ ಒಂದು ಅವಲೋಕನ

ಗ್ರಂಥಕರ್ತನ ಚರಿತ್ರೆಯನ್ನು ಬರೆಯುವುದಕ್ಕೆ ಸಾಧನಗಳು ಹೇಗಾದರೂ ದೊರೆಯುತ್ತವೆ. ಪತ್ರಿಕೆಗಳಿಗಾಗಿಯೇ ಬರೆದವನ, ಪತ್ರಿಕೆಗಳಿಗಾಗಿಯೇ ಚಿತ್ರ ಬಿಡಿಸಿದವನ, ಪತ್ರಿಕೆಗಳಿಗಾಗಿಯೇ ಛಾಯಾಚಿತ್ರ ತೆಗೆದವನ ಚರಿತ್ರೆಗೆ ಸಾಧನಗಳು ಬಲು ವಿರಳ. ಗ್ರಂಥವು ಭಂಡಾರದಲ್ಲಿ ಉಳಿಯುತ್ತದೆ. ವಾರಪತ್ರಿಕೆಯು ಮುಂದಿನ ಸಂಚಿಕೆ ಬರುತ್ತಲೇ ರದ್ದಿಯವನ ತಕ್ಕಡಿಯನ್ನು ಸೇರುತ್ತದೆ. ಹೀಗಿರುವುದರಿಂದ ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಇತಿಹಾಸವನ್ನು ಹೇಳುವಾಗ ಸಂಘಗಳ, ನಾಟಕಗಳ, ರಾತ್ರಿಶಾಲೆಗಳ, ಹೋಟೆಲು ಉದ್ಯಮದ ಮಾತು ಬರುವಷ್ಟು ನಿಯತಕಾಲಿಕಗಳನ್ನು ನಂಬಿ ಬಾಳಿದ ಕಲಾವಿದರ ಮಾತು ಬರುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮುಂಬಯಿಯ ಸಚಿತ್ರ ಪತ್ರಿಕೆಗಳನ್ನು ತೆರೆದು ನೋಡಿದರೆ, ಅವುಗಳ ಮುಖಪುಟದಲ್ಲಿಯೂ ಒಳಪುಟದಲ್ಲಿಯೂ ಕನ್ನಡ ನಾಡಿನಿಂದ ಬಂದವರ ಕೈವಾಡವು ಸ್ಪಷ್ಟವಾಗಿ ಕಾಣುತ್ತದೆ. ಈ ವಿಷಯವನ್ನು ವಿವೇಚಿಸುವುದಕ್ಕೆ ಬಾಂದ್ರಾ ಒಂದು ಅನುಕೂಲವಾದ ನೆಲೆ.

೧. ಸ್ಥಳ

ಬಾಂದ್ರಾ ಮೊದಲಿನಿಂದಲೂ ಮುಂಬಯಿಯ ಭಾಗವಾಗಿರಲಿಲ್ಲ. ಸಾಷ್ಟಿ ದ್ವೀಪದ ದಕ್ಷಿಣದ ತುದಿಯಲ್ಲಿದ್ದ ಈ ಊರಿಗೂ ಮಾಹೀಮಿಗೂ ನಡುವೆ ಖಾರಿಯಿತ್ತು. ಜಮ್ಸೇಟ್‌ಜಿ ಜೀಜೀಭಾಯಿಯವರ ಪತ್ನಿ ಕೊಟ್ಟ ಹಣದಿಂದ ಕಟ್ಟಿದ ಸೇತುದಾರಿಯು 1845ರಲ್ಲಿ ತೆರೆದ ಮೇಲೆ ಎರಡೂ ಕಡೆಯ ಜನರಿಗೆ ನೆಲದ ಸಂಪರ್ಕ ದೊರೆಯಿತು. ಅನಂತರ ರೈಲು ಬಂದಿತು. ಆದರೂ ಬಾಂದ್ರಾ ಬೃಹನ್ಮುಂಬಯಿಗೆ ಸೇರಿದುದು 1950ರಲ್ಲಿ. ಪಶ್ಚಿಮದ ಗುಡ್ಡ ಮತ್ತು ಕಡಲಂಚಿನಲ್ಲಿ ಈಸ್ಟ್ ಇಂಡಿಯನ್ ಹಾಗೂ ಗೋವೆಯ ಕ್ರೈಸ್ತರ ಹಳೆಯ ಮನೆಗಳು, ಪಾಲಿ ಹಿಲ್ಲಿನಲ್ಲಿ ಚಲಚ್ಚಿತ್ರರಂಗದವರ ಬಂಗಲೆಗಳು, 1954ರಲ್ಲಿ ಸ್ಥಾಪಿತವಾದ ಮೆಹಬೂಬ್ ಸ್ಟುಡಿಯೋ. ರೈಲುಹಳಿಯ ಪೂರ್ವದಲ್ಲಿ ತಡವಾಗಿ ವಸತಿಗೆ ಬಂದ ತಗ್ಗುನೆಲ. ಈ ಪೂರ್ವ ಭಾಗದಲ್ಲಿ ಮೂರು ವಸಾಹತುಗಳು ಒಂದರ ಮಗ್ಗುಲಲ್ಲಿ ಒಂದೆಂಬಂತೆ ನಿಂತವು: ಕಲಾವಿದರಿಗಾಗಿ ಕಲಾನಗರ, ಮರಾಠಿ ಸಾಹಿತಿಗಳಿಗಾಗಿ ಸಾಹಿತ್ಯ ಸಹವಾಸ, ಪತ್ರಕರ್ತರಿಗಾಗಿ ಪತ್ರಕಾರ ನಗರ. ಚಿತ್ರ, ಸಾಹಿತ್ಯ, ಪತ್ರಿಕೋದ್ಯಮ ಎಂಬ ಮೂರು ವೃತ್ತಿಗಳಿಗೆ ನಗರದಲ್ಲಿ ನೆಲೆಯಾಗುವಷ್ಟು ಸ್ಥಾನವಿದೆ ಎಂಬುದನ್ನು ಈ ಹೆಸರುಗಳೇ ಸಾರುತ್ತವೆ. ಆ ಸ್ಥಾನದಲ್ಲಿ ಕನ್ನಡಿಗನ ಪಾಲು ಎಷ್ಟು, ಅದು ಯಾವ ಬಗೆಯದು ಎಂಬುದೇ ಇಲ್ಲಿಯ ಪ್ರಶ್ನೆ.

೨. ಕುಂಚ

ಬಾಂದ್ರಾದ ಪಾಲಿ ಹಿಲ್ಲಿನಲ್ಲಿ ವಾಸವಾಗಿದ್ದ ಬಾಬೂರಾವ್ ಪಟೇಲರು 1935ರಲ್ಲಿ 'ಫಿಲ್ಮ್ ಇಂಡಿಯಾ' ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ಪ್ರಾರಂಭಿಸಿದರು. ನಿರ್ದಾಕ್ಷಿಣ್ಯವಾದ ವಿಮರ್ಶೆಗೂ ಓದುಗರ ಪ್ರಶ್ನೆಗಳಿಗೆ ಕೊಡುತ್ತಿದ್ದ ಚುರುಕಾದ ಉತ್ತರಗಳಿಗೂ ಆ ಪತ್ರಿಕೆ ಹೆಸರಾಯಿತು. ಅವರ ಪತ್ನಿ ಸುಶೀಲಾರಾಣಿಯವರು ಸಂಗೀತ ವಿದುಷಿ, ನಟಿ. ಪತ್ರಿಕೆಯ ಬರವಣಿಗೆಯ ಹೊರೆಯಲ್ಲಿಯೂ ಅವರು ಪಾಲುಗೊಂಡರು. ಈ ಪತ್ರಿಕೆಯ ವರ್ಣಮಯ ಮುಖಪುಟಗಳಲ್ಲಿ ಅನೇಕವು ಕಲಬುರ್ಗಿಯ ಎಸ್. ಎಂ. ಪಂಡಿತರ ಕೈಯವು.

1916ರಲ್ಲಿ ಜನಿಸಿದ ಸಾಂಬಾನಂದ ಮೋನಪ್ಪ ಪಂಡಿತರು ಮುಂಬಯಿಗೆ ಬಂದು ಮೊದಲು ದಂಡಾವತಿಮಠ ಅವರ ನೂತನ ಕಲಾಮಂದಿರದಲ್ಲಿಯೂ ಬಳಿಕ ಜೆ. ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದರು. ಚಲಚ್ಚಿತ್ರದ ಭಿತ್ತಿಪತ್ರ, ಮುಖಪುಟ, ಪಂಚಾಂಗಚಿತ್ರ ಈ ಮೂರೂ ಅವರ ಅನ್ನದ ದಾರಿಗಳಾದವು. ಮುದ್ರಣಕ್ಕಾಗಿ ಬಿಡಿಸುವ ಚಿತ್ರಕ್ಕೆ ತನ್ನದೇ ಆದ ಕಟ್ಟುಪಾಡುಗಳುಂಟು. ಅಚ್ಚಿನಲ್ಲಿ ಬಣ್ಣ ಮಂಕಾಗುವುದನ್ನು ಮೊದಲೇ ಎಣಿಸಿ ನೆರಳುಬೆಳಕನ್ನು ಹೆಚ್ಚಿಸಬೇಕು. ಪತ್ರಿಕೆಯ ಹೆಸರಿಗೆ ಜಾಗ ಬಿಡಬೇಕು. ಅಂಗಡಿಯ ಹಗ್ಗಕ್ಕೆ ನೇತುಹಾಕಿದ ಹತ್ತಾರು ಪತ್ರಿಕೆಗಳ ನಡುವೆ ದೂರದಿಂದಲೇ ಕಣ್ಣು ಸೆಳೆಯಬೇಕು. ಪಂಡಿತರು ಈ ವಿದ್ಯೆಯನ್ನು ಕರಗತ ಮಾಡಿಕೊಂಡರು. ಅವರ ಪುರಾಣಚಿತ್ರಗಳು ಪಂಚಾಂಗಗಳ ಮೂಲಕ ಭಾರತದ ಅಸಂಖ್ಯ ಮನೆಗಳ ಗೋಡೆಯನ್ನೇರಿದವು. ಅವುಗಳನ್ನು ಪೂಜಿಸಿದವರಲ್ಲಿ ಬಹುಜನರಿಗೆ ಚಿತ್ರಕಾರನ ಊರಾಗಲಿ ನುಡಿಯಾಗಲಿ ಗೊತ್ತಿರಲಿಲ್ಲ. ಪಂಡಿತರು 1993ರಲ್ಲಿ ತೀರಿಕೊಂಡರು.

ಅದೇ ನೂತನ ಕಲಾಮಂದಿರದಿಂದ ಹೊರಟು ಬೇರೆ ದಾರಿ ಹಿಡಿದವರು ಕೆ. ಕೆ. ಹೆಬ್ಬಾರರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ. ಜೆ. ಕಲಾಶಾಲೆಯಲ್ಲಿ ಓದಿ, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದು, ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿ ಬಂದ ಹೆಬ್ಬಾರರು ಪ್ರದರ್ಶನಶಾಲೆಯ ಚಿತ್ರಕಾರರಾದರು. ಯಕ್ಷಗಾನ, ನೃತ್ಯ, ದುಡಿಯುವ ಮೈಯ ಬಾಗು ಇವುಗಳನ್ನು ಕೆಲವೇ ಎಳೆಗಳಲ್ಲಿ ಹಿಡಿಯುವ ಅವರ ರೇಖೆ ಪ್ರಸಿದ್ಧವಾದುದು. 1964ರಲ್ಲಿ ಪ್ರಕಟವಾದ 'ದಿ ಸಿಂಗಿಂಗ್ ಲೈನ್' ಎಂಬ ರೇಖಾಚಿತ್ರ ಸಂಪುಟವು ಇದಕ್ಕೆ ಸಾಕ್ಷಿ. ಒಂದೇ ಗುರುವಿನ ಮನೆಯಿಂದ ಬಂದ ಇವರಿಬ್ಬರಲ್ಲಿ ಒಬ್ಬರ ಕೃತಿಗಳಿಗೆ ಸಂಗ್ರಹಾಲಯಗಳ ರಕ್ಷಣೆ ದೊರೆಯಿತು; ಇನ್ನೊಬ್ಬರ ಕೃತಿಗಳಲ್ಲಿ ಬಹುಪಾಲು ಕಾಗದದ ಆಯುಷ್ಯವನ್ನೇ ನೆಚ್ಚಬೇಕಾಯಿತು. ಈ ಭೇದವನ್ನು ಪ್ರತಿಭೆಯ ತಾರತಮ್ಯವೆಂದು ತಿಳಿಯುವುದು ಸರಿಯಲ್ಲ. ಕೃತಿಯು ಮೊದಲು ಕಾಣಿಸಿಕೊಂಡ ಸ್ಥಳವು ಅದರ ಮುಂದಿನ ಭವಿಷ್ಯವನ್ನು ನಿರ್ಣಯಿಸಿತು ಎಂದು ಹೇಳುವುದೇ ಯುಕ್ತ.

೩. ವ್ಯಂಗ್ಯರೇಖೆ ಮತ್ತು ಛಾಯಾಚಿತ್ರ

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರಿಗೆ ಜೆ. ಜೆ. ಕಲಾಶಾಲೆಯಲ್ಲಿ ಪ್ರವೇಶ ದೊರೆಯಲಿಲ್ಲ. ಅವರ ಶಾಲೆಯಾದುದು ಪತ್ರಿಕೆಗಳೇ. ರಾಶಿ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಅವರು 1942ರಲ್ಲಿ ಹೊರಡಿಸಿದ ಹಾಸ್ಯಮಾಸಿಕ 'ಕೊರವಂಜಿ'ಗೆ ಲಕ್ಷ್ಮಣರು ವಿದ್ಯಾರ್ಥಿದೆಸೆಯಲ್ಲಿಯೇ ಚಿತ್ರ ಬರೆದರು. ಬಳಿಕ ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್' ಸೇರಿದರು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದ ವ್ಯಂಗ್ಯಚಿತ್ರಕಾರರು ಬಾಳ ಠಾಕರೆಯವರು. ಲಕ್ಷ್ಮಣರು ಆ ಪತ್ರಿಕೆಯನ್ನು ಬಿಟ್ಟು 'ಟೈಮ್ಸ್ ಆಫ್ ಇಂಡಿಯಾ'ಕ್ಕೆ ಹೋದರು. 1951ರಲ್ಲಿ ಅಲ್ಲಿ ಆರಂಭವಾದ 'ಯೂ ಸೆಡ್ ಇಟ್' ಎಂಬ ಪುಟ್ಟ ಚಿತ್ರದಿಂದ ಚೌಕಳಿಯ ಕೋಟಿನ ಶ್ರೀಸಾಮಾನ್ಯನು ಭಾರತಕ್ಕೆಲ್ಲ ಪರಿಚಿತನಾದನು. ಮೈಸೂರಿನ ಬೀದಿಯಲ್ಲಿ ಕಣ್ಣು ಪಳಗಿಸಿಕೊಂಡು, ಕನ್ನಡದ ಹಾಸ್ಯಪತ್ರಿಕೆಯಲ್ಲಿ ಕೈ ಪಳಗಿಸಿಕೊಂಡ ವ್ಯಕ್ತಿ ಮುಂಬಯಿಯಲ್ಲಿ ಅಖಿಲ ಭಾರತದ ವ್ಯಾಖ್ಯಾನಕಾರನಾದುದು ಗಮನಾರ್ಹ. ಆದರೆ ಆ ಚಿತ್ರದ ಕೆಳಗಿನ ಮಾತು ಇಂಗ್ಲಿಷಿನದಾಗಿತ್ತು ಎಂಬುದನ್ನೂ ಮರೆಯಬಾರದು. 'ಕೊರವಂಜಿ' 1967ರಲ್ಲಿ ನಿಂತುಹೋಯಿತು.

ಛಾಯಾಚಿತ್ರಕಾರ ಟಿ. ಎಸ್. ಸತ್ಯನ್ ಅವರ ವೃತ್ತಿಜೀವನವೂ ಇದೇ ದಾರಿಯದು. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ'ಕ್ಕೆ ಬಂದರು. ಅಂದು ಆ ವಾರಪತ್ರಿಕೆಯಲ್ಲಿ ಚಿತ್ರ ಪ್ರಕಟವಾಗುವುದೆಂದರೆ ದೇಶದ ಓದುಬಲ್ಲ ಕುಟುಂಬಗಳೆಲ್ಲದರ ಮನೆಯನ್ನು ಹೊಕ್ಕಂತೆ. ಬಳಿಕ ಸಂಬಳದ ಕೆಲಸವನ್ನು ತೊರೆದು ಸ್ವತಂತ್ರ ಛಾಯಾಚಿತ್ರಕಾರರಾದ ಸತ್ಯನ್ ಅವರು ಅಮೆರಿಕದ 'ಲೈಫ್' ಪತ್ರಿಕೆಗೂ, ಯುನಿಸೆಫ್ ಸಂಸ್ಥೆಗೂ ಚಿತ್ರಗಳನ್ನು ತೆಗೆದುಕೊಟ್ಟರು. 1977ರಲ್ಲಿ ಪದ್ಮಶ್ರೀ ಬಂದಿತು. ಕಡೆಗೆ ಮೈಸೂರಿನಲ್ಲಿ ನೆಲಸಿ, 'ಕಾಲಕ್ಕೆ ಕನ್ನಡಿ' ಎಂಬ ಹೆಸರಿನಲ್ಲಿ ತಮ್ಮ ಅನುಭವಗಳನ್ನು ಕನ್ನಡದಲ್ಲಿಯೇ ಬರೆದರು. ಪತ್ರಿಕೆಗಳಲ್ಲಿ ಚೆದುರಿಹೋಗಿದ್ದ ಬಾಳಿನ ದುಡಿಮೆಯನ್ನು ದುಡಿದವನೇ ಒಟ್ಟುಗೂಡಿಸಿ ತನ್ನ ನುಡಿಗೆ ಒಪ್ಪಿಸಿದ ಅಪರೂಪದ ಉದಾಹರಣೆ ಇದು.

೪. ಲೇಖನಿ

ಗೆರೆಗೂ ಬೆಳಕಿಗೂ ಭಾಷಾಂತರ ಬೇಕಿಲ್ಲ, ಮಾತಿಗೆ ಬೇಕು. ಆದ್ದರಿಂದ ಚಿತ್ರಕಾರನಿಗೆ ಮುಂಬಯಿಯ ಪತ್ರಿಕೆ ಅನ್ನ ಕೊಟ್ಟಂತೆ ಕನ್ನಡ ಲೇಖಕನಿಗೆ ಕೊಡಲಿಲ್ಲ. ಮರಾಠಿ ಲೇಖಕನಿಗೆ 1909ರ 'ಮನೋರಂಜನ' ಪತ್ರಿಕೆಯಿಂದ ಮೊದಲಾದ ದೀಪಾವಳಿ ವಿಶೇಷಾಂಕಗಳ ಪರಂಪರೆಯೇ ಇತ್ತು. ಅವನ ಸಂಪಾದಕನೂ ಓದುಗನೂ ನೆರೆಯಲ್ಲಿಯೇ ಇದ್ದರು. ಕನ್ನಡ ಲೇಖಕನ ಸಂಪಾದಕರು ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ. ಅವನ ಉದ್ಯೋಗ ಮುಂಬಯಿಯ ಕಾರಖಾನೆ ಅಥವಾ ಕಚೇರಿಯಲ್ಲಿ. ಈ ಎರಡರ ನಡುವಿನ ಸಂಬಂಧವನ್ನು ಅಂಚೆಯೊಂದೇ ಕಾಪಾಡಿತು.

ಮುಂಬಯಿಯಲ್ಲಿಯೇ ಕನ್ನಡ ಪತ್ರಿಕೆಯನ್ನು ನಡೆಸುವ ಪ್ರಯತ್ನಗಳು ಇಲ್ಲದಿರಲಿಲ್ಲ. ಉಡುಪಿಯಿಂದ ಬಂದ ವ್ಯಾಸರಾಯ ಬಲ್ಲಾಳರು 'ನುಡಿ' ವಾರಪತ್ರಿಕೆಯ ಸಂಪಾದಕರಾಗಿದ್ದರು. ಆದರೆ ಅವರ ಉದ್ಯೋಗವಿದ್ದುದು ತೈಲಕಂಪನಿಯೊಂದರಲ್ಲಿ. ಆ ನಗರದ ಕಾರ್ಮಿಕ ಜೀವನವನ್ನೇ ವಸ್ತುವಾಗುಳ್ಳ ಅವರ 'ಬಂಡಾಯ' ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಬಾಂದ್ರಾದ ಕಡಲತಡಿಯಲ್ಲಿ ಬಹುಕಾಲ ವಾಸವಾಗಿದ್ದ ಯಶವಂತ ಚಿತ್ತಾಲರಲ್ಲಿ ಈ ಇಬ್ಬಗೆಯ ಬಾಳು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಅವರು ಮುಂಬಯಿಯಲ್ಲಿಯೂ ಅಮೆರಿಕದಲ್ಲಿಯೂ ರಾಸಾಯನಿಕ ತಂತ್ರಶಾಸ್ತ್ರವನ್ನು ಅಭ್ಯಸಿಸಿ, ಬೇಕಲೈಟ್ ಹೈಲಂ ಕಂಪನಿಯಲ್ಲಿ ಉನ್ನತ ಸ್ಥಾನದಲ್ಲಿದ್ದರು. ಹಗಲು ಪಾಲಿಮರುಗಳ ಸಂಶೋಧನೆ, ಉಳಿದ ವೇಳೆಯಲ್ಲಿ ಕನ್ನಡ ಕಥೆ. 'ಸಂದರ್ಶನ' (1957), 'ಆಬೋಲಿನ' (1960) ಮೊದಲಾದ ಸಂಕಲನಗಳು ಬಂದವು. 'ಕತೆಯಾದಳು ಹುಡುಗಿ' ಸಂಕಲನಕ್ಕೆ 1983ರ ಅಕಾಡೆಮಿ ಪ್ರಶಸ್ತಿ ಸಂದಿತು. 1979ರ 'ಶಿಕಾರಿ' ಕಾದಂಬರಿಯ ನಾಯಕ ನಾಗಪ್ಪನು ರಾಸಾಯನಿಕ ಕಂಪನಿಯ ಅಧಿಕಾರಿ. ಒಳಸಂಚಿಗೆ ಸಿಕ್ಕಿ ಬೇಟೆಯ ಮೃಗದಂತಾದವನು. ಈ ಅನುಭವಲೋಕವು ಬರವಣಿಗೆಯನ್ನೇ ವೃತ್ತಿಯಾಗಿ ಮಾಡಿಕೊಂಡವನಿಗೆ ದೊರೆಯುವಂಥದಲ್ಲ. ಕನ್ನಡ ಪತ್ರಿಕೆ ಲೇಖಕನನ್ನು ಸಾಕಲಾರದೆ ಹೋದುದು ನಷ್ಟವೇ ಹೌದು. ಆದರೆ ಆ ನಷ್ಟದಿಂದಲೇ ಮುಂಬಯಿಯ ಕಾರಖಾನೆ, ಕಚೇರಿ, ಲೋಕಲ್ ಗಾಡಿಗಳು ಕನ್ನಡ ಕಥೆಯೊಳಕ್ಕೆ ಬಂದವು. ಚಿತ್ತಾಲರು 2014ರಲ್ಲಿ ಮುಂಬಯಿಯಲ್ಲಿಯೇ ನಿಧನರಾದರು.

ಗೋಕರ್ಣದ ಜಯಂತ ಕಾಯ್ಕಿಣಿಯವರೂ ಇದೇ ಪರಂಪರೆಯವರು. ಅವರೂ ಉತ್ತರ ಕನ್ನಡದವರು, ಅವರೂ ಮುಂಬಯಿಯ ಔಷಧ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದವರು. ಅವರು ಕನ್ನಡದಲ್ಲಿ ಬರೆದ ಮುಂಬಯಿಯ ಕಥೆಗಳು ಇಂಗ್ಲಿಷಿಗೆ ಹೋಗಿ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂಬ ಸಂಕಲನವಾಗಿ, ದಕ್ಷಿಣ ಏಷ್ಯದ ಸಾಹಿತ್ಯಕ್ಕೆ ಮೀಸಲಾದ ಡಿ.ಎಸ್.ಸಿ. ಬಹುಮಾನವನ್ನು ಪಡೆದವು. ಬಹುಮಾನವನ್ನು ಕಥೆಗಾರರಿಗೂ ಅನುವಾದಕಿ ತೇಜಸ್ವಿನಿ ನಿರಂಜನ ಅವರಿಗೂ ಜೊತೆಯಾಗಿ ಕೊಡಲಾಯಿತು.

ಬರವಣಿಗೆಯನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬಯಸಿದವನು ಇಂಗ್ಲಿಷಿಗೆ ಹೋಗಬೇಕಾಯಿತು. ಉಡುಪಿಯಲ್ಲಿ 1921ರಲ್ಲಿ ಜನಿಸಿದ ಎಂ. ವಿ. ಕಾಮತರೂ ಮೊದಲು ರಸಾಯನಶಾಸ್ತ್ರಜ್ಞರೇ. ಅವರು ಆ ವೃತ್ತಿಯನ್ನು ಬಿಟ್ಟು 1946ರಲ್ಲಿ 'ಫ್ರೀ ಪ್ರೆಸ್ ಜರ್ನಲ್'ನ ವರದಿಗಾರರಾಗಿ, ಮುಂದೆ ವಾಷಿಂಗ್ಟನ್ನಿನಲ್ಲಿ 'ಟೈಮ್ಸ್'ನ ಪ್ರತಿನಿಧಿಯಾಗಿ, ಖುಷ್ವಂತ್ ಸಿಂಗರ ತರುವಾಯ 'ಇಲಸ್ಟ್ರೇಟೆಡ್ ವೀಕ್ಲಿ'ಯ ಸಂಪಾದಕರಾದರು. ಮೂವರು ರಸಾಯನಜ್ಞರಲ್ಲಿ ಇಬ್ಬರು ಉದ್ಯೋಗವನ್ನು ಉಳಿಸಿಕೊಂಡು ಕನ್ನಡದಲ್ಲಿ ಬರೆದರು. ಒಬ್ಬರು ಉದ್ಯೋಗವನ್ನು ಬಿಟ್ಟು ಇಂಗ್ಲಿಷಿನಲ್ಲಿ ಬರೆದರು. ಮುಂಬಯಿ ಕನ್ನಡಿಗನ ಮುಂದಿದ್ದ ಆಯ್ಕೆಯ ಸ್ವರೂಪ ಇದರಿಂದ ತಿಳಿಯುತ್ತದೆ.

೫. ಪತ್ರಿಕೆಯ ಇನ್ನೊಂದು ಮುಖ

ನಿಯತಕಾಲಿಕವು ಪರಸ್ಥಳದವನಿಗೆ ಆಶ್ರಯವನ್ನಷ್ಟೇ ಅಲ್ಲ, ಭಯವನ್ನೂ ಕೊಡಬಲ್ಲುದು. ಲಕ್ಷ್ಮಣರ ಹಳೆಯ ಸಹೋದ್ಯೋಗಿ ಠಾಕರೆಯವರು 1960ರಲ್ಲಿ ತಮ್ಮ ಸೋದರನೊಡನೆ 'ಮಾರ್ಮಿಕ' ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆಯನ್ನು ಪ್ರಾರಂಭಿಸಿದರು. ಮುಂಬಯಿಯ ಕಚೇರಿಗಳಲ್ಲಿ ಅಧಿಕಾರಿಗಳಾಗಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿಗಳು ಅದರಲ್ಲಿ ಅಚ್ಚಾಗತೊಡಗಿದವು. 1966ರಲ್ಲಿ ಶಿವಸೇನೆ ಸ್ಥಾಪಿತವಾಯಿತು. ಆ ವರ್ಷಗಳಲ್ಲಿ ದಕ್ಷಿಣದವರ ಅಂಗಡಿ-ಹೋಟೆಲುಗಳು ದಾಳಿಗೆ ಗುರಿಯಾದುದು ಇತಿಹಾಸದಲ್ಲಿ ದಾಖಲಾದ ಸಂಗತಿ. ಠಾಕರೆಯವರು ಮುಂದೆ ಬಾಂದ್ರಾದ ಕಲಾನಗರದ ನಿವಾಸಿಗಳಾದರು. ಕಲಾವಿದರ ಹೆಸರಿನ ಬಡಾವಣೆ ನಾಡಿನ ರಾಜಕೀಯದ ಕೇಂದ್ರವಾಯಿತು. ಒಂದೇ ಪತ್ರಿಕಾಲಯದಲ್ಲಿ ಕುಳಿತಿದ್ದ ಇಬ್ಬರು ವ್ಯಂಗ್ಯಚಿತ್ರಕಾರರಲ್ಲಿ ಒಬ್ಬರ ರೇಖೆಯು ಊರುಕೇರಿಯ ಹಂಗಿಲ್ಲದ ಶ್ರೀಸಾಮಾನ್ಯನನ್ನು ಸೃಷ್ಟಿಸಿತು; ಇನ್ನೊಬ್ಬರ ಪತ್ರಿಕೆಯು ನಗರದ ನಿವಾಸಿಗಳನ್ನು ಸ್ಥಳೀಯರೆಂದೂ ಹೊರಗಿನವರೆಂದೂ ವಿಂಗಡಿಸಿತು. ಆ ವರ್ಷಗಳಲ್ಲಿಯೂ ಕನ್ನಡ ಲೇಖಕರು ನಗರವನ್ನು ಬಿಡಲಿಲ್ಲ, ಅದನ್ನು ಕುರಿತು ಬರೆಯುವುದನ್ನೂ ಬಿಡಲಿಲ್ಲ ಎಂಬುದು ಅವರ ನಿಷ್ಠೆಗೆ ಸಾಕ್ಷಿ.

೬. ಉಪಸಂಹಾರ

ಈ ಅವಲೋಕನದಿಂದ ಎರಡು ಅಂಶಗಳು ನಿಷ್ಪನ್ನವಾಗುತ್ತವೆ. ಮೊದಲನೆಯದು, ಮುಂಬಯಿಯ ಪತ್ರಿಕೆಗಳಲ್ಲಿ ಕನ್ನಡಿಗನ ಪಾಲು ಸಣ್ಣದಲ್ಲ; ಆದರೆ ಅದರಲ್ಲಿ ಬಹುಪಾಲು ಅನ್ಯಭಾಷೆಯ ಪತ್ರಿಕೆಯ ಹೆಸರಿನಲ್ಲಿ ಸಂದಿರುವುದರಿಂದ ಕನ್ನಡದ ಲೆಕ್ಕಕ್ಕೆ ಬಂದಿಲ್ಲ. ಎರಡನೆಯದು, ಈ ದುಡಿಮೆಯ ಆಧಾರಗಳು ಶೀಘ್ರವಾಗಿ ಕಣ್ಮರೆಯಾಗುತ್ತಿವೆ. 'ಫಿಲ್ಮ್ ಇಂಡಿಯಾ' ಹೆಸರನ್ನೂ ಸ್ವರೂಪವನ್ನೂ ಬದಲಿಸಿಕೊಂಡು 'ಮದರ್ ಇಂಡಿಯಾ' ಆಗಿ, ಬಳಿಕ ನಿಂತಿತು. 'ಇಲಸ್ಟ್ರೇಟೆಡ್ ವೀಕ್ಲಿ' 1993ರಲ್ಲಿ ನಿಂತಿತು. ಹಿಂದಿನ ತಲೆಮಾರಿನ ಕನ್ನಡ ಕುಟುಂಬಗಳು ಜೋಪಾನ ಮಾಡಿದ್ದ ಸಂಚಿಕೆಗಳು ಮನೆ ಬದಲಿಸುವಾಗ, ಹಳೆಯ ಕಟ್ಟಡ ಕೆಡವುವಾಗ ರದ್ದಿಗೆ ಹೋಗುತ್ತಿವೆ. ಮುಂಬಯಿಯ ಕನ್ನಡ ಸಂಘಗಳ ಗ್ರಂಥಾಲಯಗಳು ಇಂಥ ಸಂಚಿಕೆಗಳನ್ನು ಬೇಡಿ ಪಡೆದು, ಯಾವ ಪುಟದಲ್ಲಿ ಯಾರ ಕಥೆ, ಯಾವ ಮುಖಪುಟ ಯಾರ ಕುಂಚದ್ದು ಎಂಬ ಸೂಚಿಯನ್ನು ಸಿದ್ಧಪಡಿಸಿದರೆ ಅದು ಮುಂದಿನ ಸಂಶೋಧಕರಿಗೆ ದೊಡ್ಡ ಉಪಕಾರ. ಗ್ರಂಥವಾಗದೆ ಹೋದ ಕೃತಿಗಳಿಗೆ ಅಂಥ ಸೂಚಿಯೇ ಆಶ್ರಯ. ಅದನ್ನು ತಯಾರಿಸುವ ಹೊಣೆ ಪ್ರಥಮತಃ ಮುಂಬಯಿಯ ಕನ್ನಡಿಗರದೇ ಆಗಿದೆ.