ಚಿನ್ನದ ಗಣಿಯೂ ಪತ್ರಕರ್ತನ ಲೇಖನಿಯೂ

2018ರ ಡಿಸೆಂಬರಿನಲ್ಲಿ ತೆರೆಗೆ ಬಂದ ‘ಕೆ.ಜಿ.ಎಫ್’ ಚಲನಚಿತ್ರದ ಕಥೆಯನ್ನು ನಿರೂಪಿಸುವವನು ಗಣಿಯ ಕೂಲಿಯೂ ಅಲ್ಲ, ಧಣಿಯೂ ಅಲ್ಲ. ಅನಂತನಾಗರು ಅಭಿನಯಿಸಿದ ಆನಂದ್ ಇಂಗಳಗಿ ಎಂಬ ವೃದ್ಧ ಪತ್ರಕರ್ತ. ಅವನು ಬರೆದ ಗ್ರಂಥವನ್ನು ಸರ್ಕಾರವು ನಿಷೇಧಿಸಿರುತ್ತದೆ. ಚಿತ್ರದ ಅಬ್ಬರದಲ್ಲಿ ಪ್ರೇಕ್ಷಕರು ಈ ಅಂಶವನ್ನು ಅಷ್ಟಾಗಿ ಗಮನಿಸಿದಂತೆ ತೋರದು. ಆದರೆ ಚಿನ್ನ, ಪ್ರಭುತ್ವ, ಲೇಖನಿ ಈ ಮೂರರ ಸಂಬಂಧವು ಕೋಲಾರ ಸೀಮೆಗೆ ಹೊಸತಲ್ಲ.

ಚಿತ್ರದ ಗಣಿಯಲ್ಲಿ ಚಿನ್ನ ಕಾಣಿಸಿಕೊಳ್ಳುವುದು 1951ರಲ್ಲಿ, ಲೋಕಕ್ಕೆ ಗುಟ್ಟಾಗಿ. ನಿಜವಾದ ಗಣಿಯಾದರೋ ಸರ್ಕಾರದ ಕಣ್ಣೆದುರಿನಲ್ಲಿಯೇ ಬೆಳೆಯಿತು. 1871ರಲ್ಲಿ ಲೆವೆಲ್ ಎಂಬ ನಿವೃತ್ತ ಸೈನಿಕನು ಇಲ್ಲಿ ಅನ್ವೇಷಣೆಗೆ ತೊಡಗಿದನು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. ಬೌರಿಂಗ್‌ಪೇಟೆ ಎಂಬ ಹೆಸರನ್ನು ಬಹುಕಾಲ ಹೊತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ರೈಲು ಹಳಿ ಬಿತ್ತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯು, ರಾಜಧಾನಿಯ ಬೀದಿದೀಪಗಳಿಗಿಂತಲೂ ಮುಂಚೆ, ಈ ಗಣಿಗಳನ್ನು ತಲುಪಿತು. ಲಾಭವು ಲಂಡನ್ನಿಗೆ, ರಾಜಧನವು ಮೈಸೂರಿಗೆ, ಧೂಳು ಮಾತ್ರ ಬಹುಮಟ್ಟಿಗೆ ತಮಿಳು ಸೀಮೆಯಿಂದ ಬಂದ ಕಾರ್ಮಿಕರ ಶ್ವಾಸಕೋಶಗಳಿಗೆ. ಮುಚ್ಚಿಡಬೇಕಾದದ್ದು ಚಿನ್ನವಾಗಿರಲಿಲ್ಲ, ಆ ಚಿನ್ನದ ಬೆಲೆಯಾಗಿದ್ದಿತು.

ಈ ಹಿನ್ನೆಲೆಯಲ್ಲಿ 1908ರ ಮೈಸೂರು ವೃತ್ತಪತ್ರಿಕೆಗಳ ಶಾಸನವನ್ನು ನೋಡಬೇಕು. ದಿವಾನ್ ವಿ. ಪಿ. ಮಾಧವರಾಯರ ಆಡಳಿತದಲ್ಲಿ ಜಾರಿಗೆ ಬಂದ ಈ ಶಾಸನದ ಪ್ರಕಾರ, ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆಯನ್ನು ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಸರ್ಕಾರದ ಕೈಯಲ್ಲಿಯೇ ಇದ್ದಿತು. ಮೈಸೂರಿನವರು ಗೌರವದಿಂದ ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು, ಅಂಥ ಅನುಮತಿಗಾಗಿ ಕೈಯೊಡ್ಡುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು, ತಾವು ಸಾಕಿ ಬೆಳೆಸಿದ ಪತ್ರಿಕೆಗಳನ್ನು ನಿಲ್ಲಿಸಿದರು. ಕಥೆಗಳಲ್ಲಿ ಪತ್ರಕರ್ತನು ಗುಂಡುಗಳ ನಡುವೆ ಓಡುತ್ತಾನೆ. ಇಲ್ಲಿ ಒಬ್ಬ ವಯೋವೃದ್ಧ ಉಪಾಧ್ಯಾಯರು ಮೌನವಾಗಿ ಮುದ್ರಣವನ್ನು ನಿಲ್ಲಿಸಿದರು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚಿನ ಧೈರ್ಯ.

ಆ ವರ್ಷಗಳಲ್ಲಿಯೇ ಇದೇ ಕೋಲಾರ ಜಿಲ್ಲೆಯ ಮುಳಬಾಗಿಲಿನ ತರುಣರೊಬ್ಬರು ಪತ್ರಿಕಾವೃತ್ತಿಗೆ ಕಾಲಿಟ್ಟರು. ಅದಕ್ಕೆ ಮೊದಲು ಜೀವನೋಪಾಯವನ್ನು ಅರಸಿ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದಿದ್ದ ಅವರೇ ಡಿ. ವಿ. ಗುಂಡಪ್ಪನವರು. 1913ರಲ್ಲಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯು, ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ರಾಜ್ಯಾಡಳಿತದಲ್ಲಿ ಸ್ಥಾನವಿರಬೇಕೆಂಬ ವಾದವನ್ನು, ದಿವಾನರುಗಳ ಸ್ನೇಹವನ್ನು ಉಳಿಸಿಕೊಂಡೂ ಅವರ ಮುಖಸ್ತುತಿಗೆ ಇಳಿಯದೆ, ಎಡೆಬಿಡದೆ ಮಂಡಿಸಿತು.

ಗಣಿಯ ಒಳಗಿನ ಕಥೆಗೆ ಮಾತ್ರ ಅಂಥ ಲೇಖನಿ ದೊರೆಯಲಿಲ್ಲ. 1930ರಲ್ಲಿ, ಚಿನ್ನದ ಕಳವನ್ನು ತಡೆಯುವ ನೆಪದಿಂದ ಕಾರ್ಮಿಕರ ಬೆರಳಚ್ಚು ತೆಗೆಯಹೊರಟಾಗ, ಸಾವಿರಾರು ಮಂದಿ ಕೆಲಸ ಬಿಟ್ಟು ಮೇಲೆ ನಿಂತರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಗಣಿಗಳು 1956ರಲ್ಲಿ ರಾಜ್ಯದ ಸ್ವತ್ತಾಗಿ, ಮುಂದೆ ಕೇಂದ್ರದ ವಶಕ್ಕೆ ಹೋಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಮೂರು ಸಾವಿರ ಮೀಟರಿಗಿಂತಲೂ ಆಳದ ಚಾಂಪಿಯನ್ ರೀಫ್ ಗಣಿಗೆ ಇಳಿದು ಬಂದವರು ರಾಬರ್ಟ್‌ಸನ್‌ಪೇಟೆಯಲ್ಲಿಯೂ ಊರಿಗಾಂ ಸಾಲುಮನೆಗಳಲ್ಲಿಯೂ ಈಗಲೂ ಇದ್ದಾರೆ. ಅವರ ಮಾತನ್ನು ಅವರದೇ ತಮಿಳಿನಲ್ಲಿ ಕೇಳಿ ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ಆ ಜಿಲ್ಲೆಯ ತರುಣ ಪತ್ರಕರ್ತರು, ಆ ಮುದುಕರು ಬದುಕಿರುವಾಗಲೇ, ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.