ಪಿತ್ತನಾಳ ಪ್ರವೇಶ: ಎಂಡೋಸ್ಕೋಪಿ ವಿಧಾನಗಳ ಇತಿಹಾಸ

ಪಿತ್ತನಾಳವೂ ಮೇದೋಜ್ಜೀರಕ ನಾಳವೂ ಸಾಮಾನ್ಯವಾಗಿ ಒಂದೇ ಬಾಯಿಯಿಂದ ಸಣ್ಣ ಕರುಳಿನ ಮೊದಲ ಭಾಗಕ್ಕೆ ತೆರೆದುಕೊಳ್ಳುತ್ತವೆ. ಪ್ಯಾಪಿಲ್ಲಾ ಎಂಬ ಪುಟ್ಟ ಉಬ್ಬಿನ ಮೇಲಿರುವ ಈ ಬಾಯಿಯನ್ನು ಒಂದು ಸ್ನಾಯುಬಳೆ ಬಿಗಿದಿರುತ್ತದೆ. 1887ರಲ್ಲಿ ಅದನ್ನು ವಿವರಿಸಿದ ಇಟಲಿಯ ರುಗ್ಗೆರೊ ಒಡ್ಡಿಯ ಹೆಸರೇ ಅದಕ್ಕೆ ಉಳಿದಿದೆ. ಕಲ್ಲು ಅಥವಾ ಗಡ್ಡೆ ಪಿತ್ತನಾಳವನ್ನು ಮುಚ್ಚಿ ಕಾಮಾಲೆ ಬಂದಾಗ ವೈದ್ಯರು ಸಾಮಾನ್ಯವಾಗಿ ಈ ಬಾಯಿಯ ಮೂಲಕವೇ ಒಳಹೋಗಬೇಕು. ಪಿತ್ತನಾಳ ಸಿಗದೆ ತಂತಿ ಮತ್ತೆ ಮತ್ತೆ ಪಕ್ಕದ ನಾಳಕ್ಕೆ ಹೊಕ್ಕರೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳಬಹುದು. ಕೆಲವೊಮ್ಮೆ ಅದು ಪ್ರಾಣಕ್ಕೇ ಎರವಾಗುತ್ತದೆ. ಮುಂದೆ ಬಂದ ವಿಧಾನಗಳ ಹಿಂದೆಲ್ಲ ಈ ಭಯವಿದೆ.

ಎಂಡೋಸ್ಕೋಪಿನಿಂದ ಈ ಬಾಯಿಗೆ ನಳಿಕೆ ತೂರಿಸಿದ ಮೊದಲ ವರದಿ 1968ರದು, ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರದು. ಪಕ್ಕಕ್ಕೆ ನೋಡುವ ಎಂಡೋಸ್ಕೋಪನ್ನು ಜಪಾನಿನ ವೈದ್ಯರೂ ತಯಾರಕರೂ ಬೇಗನೆ ಪಳಗಿಸಿದರು. 1974ರಲ್ಲಿ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕವಾಯಿ ಬೇರೆಬೇರೆಯಾಗಿ ಸ್ನಾಯುಬಳೆಯನ್ನು ಒಳಗಿನಿಂದಲೇ ಕೊಯ್ಯುವ ಕ್ರಮವನ್ನು ವರದಿ ಮಾಡಿದರು. ನಾಳದ ಕಲ್ಲಿಗಾಗಿ ಹೊಟ್ಟೆ ಸೀಳಲೇಬೇಕೆಂಬ ಸ್ಥಿತಿ ಅಲ್ಲಿಂದ ಬದಲಾಯಿತು.

ಆದರೆ ಕೊಯ್ಯುವ ತಂತಿ ಮೊದಲು ನಾಳದೊಳಗೆ ಇಳಿಯಬೇಕಿತ್ತು. ಅದು ಇಳಿಯದಿದ್ದಾಗ ಬಾಯಿಯನ್ನೇ ಮುಂಚಿತವಾಗಿ ಬಿಡಿಸುವ 'ಪ್ರೀಕಟ್' ವಿಧಾನವನ್ನು ಸೀಗಲ್ 1980ರಲ್ಲಿ ವಿವರಿಸಿದರು. ಸೂಜಿಮೊನೆಯ ಚಾಕುವಿನ ಅನುಭವವನ್ನು ಆಮ್‌ಸ್ಟರ್‌ಡ್ಯಾಮಿನ ಹೈಬ್ರೆಖ್ಟ್ಸೆ 1986ರಲ್ಲಿ ಪ್ರಕಟಿಸಿದರು. ರಕ್ತಸ್ರಾವ, ಕರುಳು ತೂತಾಗುವ ಅಪಾಯಗಳಿಂದಾಗಿ ಇದು ದೀರ್ಘಕಾಲ ಅನುಮಾನಕ್ಕೆ ಗುರಿಯಾಗಿತ್ತು. ಈ ಅನುಮಾನ ಪೂರ್ತಿ ನ್ಯಾಯವಾದುದಲ್ಲ. ಪ್ರೀಕಟ್‌ಗೆ ಹೊರಿಸಿದ ಊತದಲ್ಲಿ ಬಹುಪಾಲು ಅದಕ್ಕೆ ಮುನ್ನ ನಡೆದ ಪದೇಪದೇ ಚುಚ್ಚಾಟದ ಫಲವೆಂಬುದನ್ನು ಮುಂದಿನ ಅಧ್ಯಯನಗಳು ಸೂಚಿಸಿದವು. ನುರಿತ ಕೈ ತಡಮಾಡದೆ ಕೊಯ್ಯುವುದೇ ಲೇಸೆಂಬ ನಿಲುವು ಹೀಗೆ ಬಲಗೊಂಡಿತು.

ಇನ್ನೊಂದು ದಾರಿ ತಪ್ಪು ನಾಳವನ್ನೇ ನೆರವಿಗೆ ಕರೆಯಿತು. ಮೇದೋಜ್ಜೀರಕ ನಾಳದಲ್ಲಿ ಒಂದು ತಂತಿಯನ್ನು ಬಿಟ್ಟರೆ ಪ್ಯಾಪಿಲ್ಲಾ ಅಲುಗದೆ ನಿಲ್ಲುತ್ತದೆ, ಎರಡನೆಯ ತಂತಿ ಪಿತ್ತನಾಳ ಹುಡುಕುತ್ತದೆ. ಅದೇ ನಾಳದ ಕಡೆಯಿಂದ ನಡುಗೋಡೆಯನ್ನು ಕೊಯ್ಯುವ ವಿಧಾನವನ್ನು ಗಾಫ್ 1995ರಲ್ಲಿ ವರದಿ ಮಾಡಿದರು. ಗ್ರಂಥಿಯ ರಕ್ಷಣೆಗೆ ಅಲ್ಲೊಂದು ಸಣ್ಣ ಸ್ಟೆಂಟ್ ಇಡುವುದು ರೂಢಿಗೆ ಬಂತು. ಗುದದ್ವಾರದ ಮೂಲಕ ಕೊಡುವ ಇಂಡೋಮೆಥಸಿನ್ ಊತವನ್ನು ಗಣನೀಯವಾಗಿ ತಗ್ಗಿಸುತ್ತದೆಂದು 2012ರ ಅಮೆರಿಕದ ಪ್ರಯೋಗ ತೋರಿಸಿತು: ಔಷಧ ಪಡೆದವರಲ್ಲಿ ಶೇ. 9.2, ಪಡೆಯದವರಲ್ಲಿ ಶೇ. 16.9.

'ಕಷ್ಟದ ಪ್ರವೇಶ' ಎಂದರೇನೆಂಬುದಕ್ಕೆ ಯುರೋಪಿನ ಎಂಡೋಸ್ಕೋಪಿ ಸಂಘ 2016ರಲ್ಲಿ ಅಳತೆ ಕೊಟ್ಟಿತು: ಐದಕ್ಕಿಂತ ಹೆಚ್ಚು ಸ್ಪರ್ಶ, ಐದು ನಿಮಿಷಕ್ಕಿಂತ ಹೆಚ್ಚಿನ ಯತ್ನ, ಇಲ್ಲವೇ ಒಂದಕ್ಕಿಂತ ಹೆಚ್ಚು ಸಲ ಮೇದೋಜ್ಜೀರಕ ನಾಳಕ್ಕೆ ತಪ್ಪಿ ಹೋಗುವುದು.

ಗಡ್ಡೆ ಬಾಯಿಯನ್ನೇ ಮುಚ್ಚಿದವರಿಗೆ ಬೇರೆ ಬಾಗಿಲು ಬೇಕಾಯಿತು. ಎಂಡೋಸ್ಕೋಪಿನ ತುದಿಯ ಅಲ್ಟ್ರಾಸೌಂಡ್ ನೆರವಿನಿಂದ ಕರುಳಿನ ಗೋಡೆಯನ್ನೇ ಚುಚ್ಚಿ ಪಿತ್ತನಾಳ ತಲುಪಿದ ಚಿಕಿತ್ಸೆಯನ್ನು 2001ರಲ್ಲಿ ಫ್ರಾನ್ಸಿನ ಜಿಯೋವನ್ನೀನಿ ವರದಿ ಮಾಡಿದರು. ಅದೇ ಅಲ್ಟ್ರಾಸೌಂಡಿನಿಂದ ತಂತಿಯನ್ನು ಮೇಲಿನಿಂದ ಇಳಿಸಿ ಪ್ಯಾಪಿಲ್ಲಾದಲ್ಲಿ ಕೆಳಗಿನಿಂದ ಹಿಡಿದುಕೊಳ್ಳುವ ಕ್ರಮವೂ ಇದೆ. ಆದರೆ ಅದಕ್ಕೆ ಎಂಡೋಸ್ಕೋಪ್ ಪ್ಯಾಪಿಲ್ಲಾದ ಎದುರು ತಲುಪುವಂತಿರಬೇಕು.