ಉಡುಪಿನೊಳಗೆ ಹೊಲಿದಿಟ್ಟ ಹಣ

ಡಿಕನ್ಸ್‌ನ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯನ್ನು ಓದಿದವರಿಗೆ ಬೆಟ್ಟಿ ಹಿಗ್ಡನ್ ಎಂಬ ಮುದುಕಿ ನೆನಪಿರಬಹುದು. ಬಡವರ ಸರಕಾರಿ ಆಶ್ರಯವಾದ ವರ್ಕ್‌ಹೌಸನ್ನು ಸೇರುವುದಕ್ಕಿಂತ ದಾರಿಯಲ್ಲಿ ಸಾಯುವುದೇ ಲೇಸೆಂದು ಹೊರಟ ಆಕೆ, ತನ್ನ ಶವಸಂಸ್ಕಾರದ ಹಣವನ್ನು ಉಡುಪಿನೊಳಗೆ ಹೊಲಿದುಕೊಂಡಿದ್ದಳು. ದುಡಿಯಬಲ್ಲ ಬಡವರು ಬಯಸದಂತೆ ನೆರವನ್ನು ಕಠಿಣಗೊಳಿಸುವುದೇ 1834ರ ಇಂಗ್ಲೆಂಡಿನ ಬಡವರ ಕಾಯಿದೆಯ ನೀತಿಯಾಗಿತ್ತು. ಅದರ ಅವಮಾನ ಮುದುಕರನ್ನೂ ಬಿಡಲಿಲ್ಲ. ಬೆಟ್ಟಿ ಹಣ ಬಚ್ಚಿಟ್ಟದ್ದು ಸರಕಾರದ ಅನ್ನ ಉಣ್ಣುವುದಕ್ಕಲ್ಲ, ಅದರಿಂದ ತಪ್ಪಿಸಿಕೊಳ್ಳುವುದಕ್ಕೆ.

1908ರ ಪಿಂಚಣಿ ಕಾಯಿದೆಯು 70 ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗ್‌ವರೆಗೆ ಕೊಟ್ಟಿತು. ಅದನ್ನು ಅಂಚೆ ಕಚೇರಿಯಲ್ಲಿ ಕೊಟ್ಟದ್ದು ಸಣ್ಣ ಸಂಗತಿಯಲ್ಲ: ವೃದ್ಧರು ಅಲ್ಲಿ ಭಿಕ್ಷುಕರಾಗಿರಲಿಲ್ಲ, ಹಕ್ಕುದಾರರಾಗಿದ್ದರು.

1948ರ ಜುಲೈ 5ರಂದು ಎರಡು ಕಾಯಿದೆಗಳು ಒಟ್ಟಿಗೆ ಜಾರಿಗೆ ಬಂದವು. ಒಂದು ಆಸ್ಪತ್ರೆಯನ್ನು ಎಲ್ಲರಿಗೂ ಉಚಿತವಾಗಿಸಿತು. ಇನ್ನೊಂದು ಹಳೆಯ ಬಡವರ ಕಾನೂನನ್ನು ರದ್ದುಗೊಳಿಸಿತಾದರೂ, ವೃದ್ಧಾಶ್ರಮದ ವಾಸಕ್ಕೆ ಶಕ್ತ್ಯನುಸಾರ ಶುಲ್ಕವನ್ನು ಉಳಿಸಿಕೊಂಡಿತು. ಅಂದಿನಿಂದ ಕ್ಯಾನ್ಸರ್ ರೋಗಿಗೆ ಚಿಕಿತ್ಸೆ ಉಚಿತ. ಮರೆವಿನ ಕಾಯಿಲೆಯಿಂದ ತುತ್ತು ಬಾಯಿಗಿಡಲಾರದವರ ಆರೈಕೆಗೆ ಬಹುಮಟ್ಟಿಗೆ ಅವರವರ ಆಸ್ತಿಯೇ ಗತಿ. 1980ರ ವಸತಿ ಕಾಯಿದೆಯು ಕೌನ್ಸಿಲ್ ಮನೆಗಳ ಬಾಡಿಗೆದಾರರಿಗೆ ಅವನ್ನು ಕೊಳ್ಳುವ ಹಕ್ಕು ಕೊಟ್ಟಮೇಲೆ, ಮಾರಬೇಕಾದ ಮನೆಯುಳ್ಳವರು ಹೆಚ್ಚಿದರು.

ಇಲ್ಲಿಂದ ಮುಂದೆ ಬೆಟ್ಟಿಯ ಮನೋಭಾವ ತಿರುವುಮುರುವಾಗುತ್ತದೆ. ‘ಜೀವಮಾನವೆಲ್ಲ ತೆರಿಗೆ ಕೊಟ್ಟೆವು; ಉಳಿಸಿದ ನಮಗೆ ದಂಡ, ಉಡಾಯಿಸಿದವನಿಗೆ ಉಚಿತವೇ?’ ಎಂಬುದು ಈ ವೃದ್ಧರ ಕೊರಗು. ಅವರ ಲೆಕ್ಕದಲ್ಲಿ ಮನೆ ಹಣವಲ್ಲ, ಮಕ್ಕಳಿಗೆ ಸಲ್ಲಬೇಕಾದ ಬಾಳಿನ ಫಲ. ಹಾಗಾಗಿ ಕೆಲವರು ಅದನ್ನು ಮೊದಲೇ ಮಕ್ಕಳಿಗೆ ಬರೆದುಕೊಡುತ್ತಾರೆ. ಏಳು ವರ್ಷ ಕಳೆದರೆ ಸಾಕೆಂಬ ನಂಬಿಕೆಯೂ ಉಂಟು. ಅದು ವಾರಸುದಾರಿಕೆ ತೆರಿಗೆಯ ನಿಯಮ, ಆರೈಕೆಗೆ ಅನ್ವಯಿಸದು. ಶುಲ್ಕ ತಪ್ಪಿಸಲೆಂದೇ ಕೊಟ್ಟದ್ದೆಂದು ಕಂಡರೆ ಕೌನ್ಸಿಲ್ ಆ ಮನೆಯನ್ನು ಇನ್ನೂ ಅವರದೆಂದೇ ಲೆಕ್ಕಹಾಕಬಹುದು. ಕಡತಗಳ ನಡುವೆ ಬಾಳುವ ನಾವು ಬಲ್ಲೆವು, ಮನುಷ್ಯನ ಉದ್ದೇಶವನ್ನು ಟಿಪ್ಪಣಿಯಲ್ಲಿ ಸಾಬೀತುಪಡಿಸುವುದು ಎಂಥ ಪಾಡೆಂದು. (ನಮ್ಮ ದೇಶದ 2007ರ ಹಿರಿಯ ನಾಗರಿಕರ ಕಾಯಿದೆಯ ಅನುಮಾನ ಬೇರೆ ದಿಕ್ಕಿನದು: ಆರೈಕೆಯ ಷರತ್ತಿನ ಮೇಲೆ ಆಸ್ತಿ ಪಡೆದ ಮಕ್ಕಳು ಕೈಬಿಟ್ಟರೆ ಆ ಪತ್ರವೇ ಅಸಿಂಧುವಾಗಬಹುದು.)

ಸ್ಕಾಟ್ಲೆಂಡ್ 2002ರಲ್ಲಿ ವೃದ್ಧರ ವೈಯಕ್ತಿಕ ಆರೈಕೆಯನ್ನು ಉಚಿತಗೊಳಿಸಿತು. ಇಂಗ್ಲೆಂಡಿನಲ್ಲಿ 23,250 ಪೌಂಡಿನ ಆಸ್ತಿಮಿತಿ 2010ರಿಂದ ಕದಲಿಲ್ಲ. ಒಬ್ಬರ ಜೀವಮಾನದ ಆರೈಕೆ ವೆಚ್ಚಕ್ಕೆ 86,000 ಪೌಂಡಿನ ಮಿತಿ ಹಾಕುವುದಾಗಿ 2021ರಲ್ಲಿ ಸಾರಿದ ಯೋಜನೆಯನ್ನು ಮೊದಲು ಮುಂದೂಡಿ, 2024ರ ಜುಲೈನಲ್ಲಿ ಕೈಬಿಡಲಾಯಿತು.